ಚಾರ್ಜ್ ಪಟ್ಟಿಯ ಕೊನೆಯ ಸಾಲು

ಬಂದೂಕು ಬೇಕು ಅಂತ ಬರುವವರೇ ನಮ್ಮ ಸೆಕ್ಷನ್ನಿಗೆ.
ಕಬ್ಬಿನ ಪಡಕ್ಕೆ ಹಂದಿ ಕಾಟ, ಪೆಟ್ರೋಲ್ ಬಂಕಿನ ರೊಕ್ಕ,
ಅಪ್ಪನದಿತ್ತು, ಈಗ ನನ್ನ ಹೆಸರಿಗೆ ಮಾಡಿಕೊಡ್ರಿ.
ನವನಗರದ ಈ ಮೇಜಿನ ಹಿಂದೆ ನಾನು ಕೂತು ಹನ್ನೊಂದು ವರ್ಷ,
ಬೇಡ ಅಂತ ಬಂದವನು ಒಬ್ಬನೇ.

ಲಗಮಣ್ಣ, ಹಲಗಲಿಯವ.
ಮಿಲಿಟರಿ ಮುಗಿಸಿ ಒಂಬತ್ತು ವರ್ಷ
ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆ ತೊಡೆಯ ಮೇಲಿಟ್ಟು ಕೂತವ.
ಲೈಸೆನ್ಸಿನ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ
ರೇಷನ್ ಕಾರ್ಡಿನ ಹಾಗೆ.
ಬಂದೂಕು ಆಗಲೇ ಠಾಣೆಯಲ್ಲಿತ್ತು. ರಸೀದಿ ಜೇಬಿನಲ್ಲಿ.

ಕಾರಣ? ಅಂದೆ. ಫಾರ್ಮಿನಲ್ಲಿ ಮೂರೇ ಇದ್ದವು:
ಮುಪ್ಪು, ಮಾರಾಟ, ಮರಣ.
ಒಂದೊಂದರ ಮೇಲೂ ಬೆರಳಿಟ್ಟು ಓದಿದ.
ಕೊನೆಯದರ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು.
"ಇದು ಆಗಬಾರದಂತನ ಬಂದೇನ್ರಿ."

ಜೊತೆಗೆ ಬಿಳಿ ಹಾಳೆಯಲ್ಲಿ ಒಂದು ಅರ್ಜಿ:
ಮುಂದ ನಾನ ಬಂದು ಕೇಳಿದರೂ ಕೊಡಬ್ಯಾಡ್ರಿ.
ಅತ್ತು ಕೇಳಿದರೂ ಕೊಡಬ್ಯಾಡ್ರಿ.
ನಕ್ಕೋತ ಕೇಳಿದರ ಅಂತೂ ಕೊಡಲೇಬ್ಯಾಡ್ರಿ.

ಶಿರಸ್ತೇದಾರರು ಕನ್ನಡಕ ಹಣೆಗೇರಿಸಿದರು.
ಕೊಡೋದಕ್ಕೆ ನಿಯಮ ಇದೆ, ಕಸಿದುಕೊಳ್ಳೋದಕ್ಕೂ ಇದೆ,
ತನಗೆ ತಾನೇ ಬೇಲಿ ಹಾಕಿಕೊಳ್ಳೋದಕ್ಕೆ ಎಲ್ಲಿದೆ?
"ಹೊರದೇಶದಾಗ ಎಲ್ಲೋ ಅಂಥ ಪಟ್ಟಿ ಐತಂತ್ರಿ.
ತನ್ನ ಹೆಸರು ತಾನ ಬರೆಸಿದರ
ಅಂಗಡಿಯವ ಮಾರೂ ಹಂಗಿಲ್ಲಂತ."
ಇದು ಬಾಗಲಕೋಟೆ, ಅಂದರು ಅವರು.
ಆಮೇಲೆ, ಸುಮ್ಮನಿರಲಾರದೆ:
ಹತಾರ ಕೊಡಲ್ಲ ಅಂತ ಊರಿಗೆ ಊರೇ ಸುಟ್ಟುಹೋಯ್ತಲ್ಲ,
ಆ ಹಲಗಲಿಯವ ಅಲ್ಲೇನಪ್ಪ ನೀನು?
"ಹೌದ್ರಿ. ಅವತ್ತು ಕೇಳಾಕ ಬಂದವರು ಹೊರಗಿನವರು.
ಇವತ್ತು ಕೇಳಾವನೂ ನಾನ, ಕೊಡಾವನೂ ನಾನ."

ಅವರು ಒಳಗೆ ಹೋದ ಮೇಲೆ ದನಿ ತಗ್ಗಿಸಿದ.
"ಅಕ್ಕಾರ, ನಿಮಗ ಮುಳುಗಡೆ ಗೆರಿ ನೆನಪೈತೇನ್ರಿ?"

ಇತ್ತು. ಹಳೇ ಊರಿನ ನಮ್ಮ ಓಣಿಗೆ ಬಂದು
ಗೋಡೆಗೆ ಬಣ್ಣ ಎಳೆದು ಹೋಗಿದ್ದರು,
ನೀರು ಇನ್ನೂ ಹರದಾರಿ ದೂರ ಇದ್ದಾಗ.
ಆಯಿ ನಕ್ಕು, ಅದರ ಮೇಲೇ ಕುಳ್ಳು ಬಡಿದಿದ್ದಳು.
ಕುಳ್ಳು ಒಣಗುವ ಮೊದಲು ಏನೂ ಆಗಲಿಲ್ಲ.
ಎಷ್ಟೋ ವರ್ಷದ ಮೇಲೆ ಒಂದು ಬೆಳಿಗ್ಗೆ
ನೀರು ಬಂದು ಗೆರೆಗೆ ಗಲ್ಲ ಹಚ್ಚಿ ನಿಂತಿತ್ತು.

"ನನ್ನೊಳಗಿನ ನೀರು ಎಲ್ಲಿಗಿ ಬರ್ತೈತಿ ನನಗ ಗೊತ್ತೈತ್ರಿ,
ಎರಡು ಸಲ ನೋಡೇನಿ.
ಈಗ ಬ್ಯಾಸಿಗಿ. ಕೈ ನಡಗೂದಿಲ್ಲ.
ಗೆರಿ ಈಗ ಹಾಕಬೇಕು."

ಪುಸ್ತಕಕ್ಕೆ ರದ್ದು ಸೀಲು ಬಿತ್ತು.
ಅರ್ಜಿಗೆ ಯಾವ ಸೀಲೂ ಇಲ್ಲ, ನನ್ನ ಖಾನೆಗೆ ಬಿತ್ತು.
ಬಂದೂಕಿಲ್ಲದ ಗಾರ್ಡು ಬ್ಯಾಂಕಿಗೆ ಬೇಡವಾದ.
ಹತ್ತಿ ಗೋದಾಮಿನ ಗೇಟಿನಲ್ಲಿ
ಸೀಟಿ, ಬ್ಯಾಟರಿ, ಅರ್ಧ ಪಗಾರ.

ಶ್ರಾವಣದ ಒಂದು ಮಧ್ಯಾಹ್ನ ಬಂದ.
ಗಡ್ಡ ಮಾಡಿಸಿದ್ದ. ನಗುತ್ತಿದ್ದ.
"ಸುಮ್ಮನ ಕೇಳ್ತೇನ್ರಿ ಅಕ್ಕಾರ, ಹೊಸದು ಮಾಡಿಸಾಕ ಬರ್ತೈತೇನು?"

ನಾನು ಏನೂ ಅನ್ನಲಿಲ್ಲ.
ಖಾನೆ ಎಳೆದು ಹಾಳೆ ಮುಂದಿಟ್ಟೆ.
ಪರಿಚಯದವರ ಪತ್ರ ಓದಿದಂತೆ ಓದಿದ.
ನಗು ಹೋಗಲು ಬಹಳ ಹೊತ್ತು ಹಿಡಿಯಿತು.
ಎರಡು ಲೋಟ ನೀರು ಕುಡಿದ.
"ಅಕ್ಷರ ಚೊಲೊ ಅದಾವ" ಅಂದ.
ಮಗಳಿಗೆ ಫೋನ್ ಹಚ್ಚಿದೆ.
ಅವಳು ಬಸ್ಸು ಹಿಡಿದು ಬರುವ ತನಕ
ಇಬ್ಬರೂ ಕೂತು ಹಳೇ ಫೈಲುಗಳಿಗೆ ಲಾಡಿ ಕಟ್ಟಿದೆವು.

ಈಗ ನನಗೆ ಜಮಖಂಡಿಗೆ ವರ್ಗ.
ಪಟ್ಟಿ ಬರೆಯುತ್ತಿದ್ದೇನೆ, ನಾಳೆ ಬರುವವರಿಗೆ:
ಬೀರು ಎರಡು. ರಿಜಿಸ್ಟರು ಹದಿನಾಲ್ಕು.
ಸೀಲು ಮೂರು, ಒಂದರ ಹಿಡಿಕೆ ಮುರಿದಿದೆ.
ಎಡಗಡೆ ಖಾನೆಯಲ್ಲಿ ಅರ್ಜಿ ಒಂದು.
ನಂಬರಿಲ್ಲ, ನಿಯಮವಿಲ್ಲ, ವಿಲೇವಾರಿ ಮಾಡಬಾರದು.
ಖಾನೆಗೆ ಕೀಲಿ ಹಾಕಬ್ಯಾಡ್ರಿ.