ಗಟ್ಟಿ ಬಣ್ಣ

ತಿಕ್ಕಬ್ಯಾಡ, ಅಂದರು ಇವರು, ಒತ್ತು.
ತಿಕ್ಕಿದರ ನೂಲಿನ ಹೊಟ್ಟಿಗೆ ಇಳೀತದ.
ನಲವತ್ತು ವರ್ಷ ಇಳಕಲ್ಲಿನ್ಯಾಗ
ನೂಲಿಗೆ ಬಣ್ಣ ಇಳಿಸಿದ ಮನಷ್ಯಾ,
ಉಗುರಿನ ಸಂದಿ ಸೈತ ಕೆಂಪು.
ಬಣ್ಣ ಬಿಡಿಸೂದು ಹೆಂಗ ಅಂತ ಕೇಳಿದರ
ಸೂಲಗಿತ್ತೀನ ಕುಣಿ ತೋಡಾಕ ಕರದಂಗ
ನನ್ನ ಮಾರಿ ನೋಡಿದರು.

ಚೆಲ್ಲಿದವರು ದಿವಾನಜಿ ಗುರುಸಂಗಪ್ಪ.
ಶಾಯಿ ಪೆನ್ನು ಬಿಟ್ಟು ಬ್ಯಾರೆ ಮುಟ್ಟಿದವರಲ್ಲ.
ವಾರದ ಲೆಕ್ಕ: ರೇಷ್ಮಿ ಇಷ್ಟು, ಕೂಲಿ ಇಷ್ಟು,
ಎರಡು ರೂಪಾಯಿ ತಾಳೆ ಆಗಲಿಲ್ಲಂತ
ಬೆರಳು ಎಣಿಸೂವಾಗ ಮೊಣಕೈ ತಾಗಿ
ಬಾಟ್ಲಿ ಮಗ್ಗಲಾತು
ನಮ್ಮ ಜಮಖಾನಿ ಮ್ಯಾಲೆ.
ಮದಿವ್ಯಾದ ವರ್ಷ ಇವರ ಹಂಡೇದಾಗ ಕುದ್ದ ಕೆಂಪು,
ನವಲಗುಂದದಾಗ ನೇಯಿಸಿ ತಂದದ್ದು.

ಹಾಲು ಹಾಕಿದೆ. ಹಾಲು ನೀಲಿಯಾತು.
ಉಪ್ಪು, ಲಿಂಬಿಹಣ್ಣು.
ಹಳೇ ಪೇಪರ ಮಡಿಸಿ ಒತ್ತಿದರ
ಸುದ್ದಿ ಮ್ಯಾಲೆಲ್ಲಾ ಮೋಡ.
ಕಂಪೌಂಡರ ಖಾಜಾಸಾಬ ಕೊಟ್ಟ ಸ್ಪಿರಿಟ್ಟಿಗೆ
ನೀಲಿ ಒಡದು
ಅಂಚಿಗೆ ಜಾಂಬಳಿ, ಅದರಾಚೆ ಎಳೇ ಹಸರು.
ಇವರು ಚಾಳೀಸ ಏರಿಸಿ ಬಗ್ಗಿ ನೋಡಿ,
"ಏನ ಗಟ್ಟಿ ಬಣ್ಣ! ಯಾವ ಕಂಪನೀದ್ರಿ ದಿವಾನಜಿ?"
ನಾ ಹಿಂಡಿದ ಅರಿವಿ ಇಬ್ಬರ ನಡಕ ಒಗದೆ.

ಅಂದಿನಿಂದ ಪ್ರತಿ ಸೋಮವಾರ
ದಿವಾನಜಿ ಬಂದವರೇ ಡಾಗಿನ ಮ್ಯಾಲೆ ಕೂತರು,
ಧೋತರ ಹರವಿ, ಕೋಳಿ ಕಾವಿಗೆ ಕೂತಂಗ.
ಮನಿತುಂಬ ಬೀಗರಿದ್ದರೂ
ಆ ಜಾಗಾ ಬಿಟ್ಟುಕೊಡಲಿಲ್ಲ.
ಹನ್ನೊಂದು ವರ್ಷ. ನಾನೂ ಮರತಿದ್ದೆ.

ಈ ಸೋಮವಾರ ಕಂಡಿತು.
ಶುಕ್ರವಾರ ಮಣ್ಣು ಕೊಟ್ಟು ಬಂದಿದ್ದಿವಿ.
ಅಂಗೈ ಅಗಲ, ಸಂಜೀ ಬಾವಿಯಂಗ ಕರ್ರಗ.
ಇವರು ವಹಿ ತೆಗೀಲಿಲ್ಲ.
ಚಾ ಒಂದು ಕಪ್ಪು ಹೆಚ್ಚಾತು.

ಗುಳೇದಗುಡ್ಡದ ಸೊಸಿ, ಪಾಪ, ಸೆರಗು ಸಿಗಿಸಿ
ಅಂಗಡ್ಯಾಗಿನ ಬಿಳೇ ಬಾಟ್ಲಿ ತಂದಳು.
"ಹತ್ತ ನಿಮಿಷ, ಅತ್ತಿ."
ನಾ ಬ್ಯಾಡನ್ನಲಿಲ್ಲ.
ಹೋಗಲಿ ಅಂತನೂ ಇತ್ತು ಒಳಗ.
ತಿಕ್ಕಿದಳು. ಮೂಗು ಸುಡೂ ವಾಸನಿ, ನೊರಿ,
ಮತ್ತ ತಿಕ್ಕಿದಳು.
ಕೆಂಪು ಬಿಟ್ಟಿತು.
ಸುತ್ತಲೂ ಗೇಣಗಲ
ಜ್ವರಾ ಬಿಟ್ಟ ತುಟಿಯಂಗ ಬಿಳುಚಿತು.
ನೀಲಿ ಹಂಗೇ.

ಹುಡುಗಿ ಅಳೂದೊಂದು ಬಾಕಿ.
ಇವರು ಒಳಗಿಂದ ಬಂದರು.
ತಮ್ಮ ಕೆಂಪು ಇದ್ದ ಜಾಗಾ ಬೆರಳಿಲೆ ಸವರಿ
ಬೆರಳು ಮೂಸಿದರು.
"ಆ ಎರಡು ರೂಪಾಯಿ
ಕಡೀಗೂ ತಾಳೆ ಆಗಲಿಲ್ಲ ನೋಡ" ಅಂದು
ಧೋತರ ಹರವಿ,
ಇನ್ನೂ ಹಸೀ ಇತ್ತು,
ಅಲ್ಲೇ ಕೂತರು.