ಶನಿವಾರದ ಇಂಗ್ಲಿಷು

ಶಿಡ್ಲಘಟ್ಟದ ನೂಲಿನಂಗಡಿಯ ಮೇಲೊಂದು ಕೋಣೆ.
ಸಂಜೆ ಆರಕ್ಕೆ ನನ್ನ ತರಗತಿ.
ಕಿಟಕಿ ತೆಗೆದರೆ ಬೇಯುವ ಗೂಡಿನ ವಾಸನೆ,
ಮುಚ್ಚಿದರೆ ಸೆಕೆ.
ತೆಗೆದೇ ಇಡುತ್ತೇನೆ.
ಇಲ್ಲಿ ಕೂತವರಿಗೆ ಅದು ವಾಸನೆಯಲ್ಲ, ಸಂಬಳ.

ಹಲಗೆಯ ಮೇಲೆ ಮೂರು ಪದ ಬರೆದೆ: ಅಟ್, ಆನ್, ಇನ್.
ಗಂಟೆಗೆ ಅಟ್, ವಾರಕ್ಕೆ ಆನ್,
ತಿಂಗಳಿಗೆ, ವರ್ಷಕ್ಕೆ, ಮಳೆಗಾಲಕ್ಕೆ ಇನ್
ಎಂದು ಹೇಳುತ್ತಿರುವಾಗಲೇ ಕೇಳಿಸಿತು
ನನ್ನ ಬಾಯಲ್ಲೇ ಮೂರಕ್ಕೂ ಅದೇ ‘ಗೆ’, ಅದೇ ‘ಕ್ಕೆ’.
ಆರಕ್ಕೆ ಬಾ, ಭಾನುವಾರಕ್ಕೆ ಬಾ, ಯುಗಾದಿಗೆ ಬಾ:
ಒಂದೇ ಚಾಕುವಿನಲ್ಲಿ ಈರುಳ್ಳಿ, ಹಗ್ಗ, ಉಗುರು.

ಕೊನೆಯ ಬೆಂಚಿನಲ್ಲಿ ಅಕ್ಕಾಯಮ್ಮ.
ಯಾಕೆ ಕಲೀತೀರಿ ಎಂದು ಕೇಳಿದರೆ
‘ಎರಡು ಬೆಳೆ ಮಧ್ಯೆ ಖಾಲಿ ಇರ್ತೀನಲ್ಲ’ ಅನ್ನುತ್ತಾಳೆ.
ಅವಳಿಗೆ ವಾರದ ಲೆಕ್ಕವಿಲ್ಲ, ಜ್ವರದ ಲೆಕ್ಕ.
ಒಂದನೇ ಜ್ವರ, ಎರಡನೇ ಜ್ವರ,
ಹುಳ ತಲೆಯೆತ್ತಿ, ಸೊಪ್ಪು ಮುಟ್ಟದೆ,
ಹಳೇ ಚರ್ಮ ಬಿಡಲು ಕೂರುವ ಹೊತ್ತು.
‘ಜ್ವರಕ್ಕೆ ಯಾವುದು ಹಾಕ್ಬೇಕು ಮೇಡಂ?’
ಒಂದು ದಿನವಾದರೂ ಇರುತ್ತಲ್ಲ, ಒಳಗೇ ಇರುತ್ತಲ್ಲ,
ಇನ್ ಹಾಕಿ, ಎಂದೆ.
‘ಅದ್ರೊಳಗೆ ನಾವೂ ಇರ್ತೀವಿ’ ಅಂದಳು,
ಬರೆದುಕೊಂಡಳು.

ಸಿನ್ಸ್, ಫಾರ್ ಬಂದ ದಿನ ಇಡೀ ಕೋಣೆ ಸೋತಿತು.
ಹತ್ತು ವರ್ಷದಿಂದ, ದಸರೆಯಿಂದ:
ಎರಡಕ್ಕೂ ಸಾಕಾಗಿತ್ತು ಇಷ್ಟು ದಿನ ನಮ್ಮ ‘ಇಂದ’.
ಗೂಟ ಬೇರೆ, ಹಗ್ಗದ ಉದ್ದ ಬೇರೆ
ಎಂದು ಚಿತ್ರ ಬಿಡಿಸಿ ತೋರಿಸಿದೆ.
ಹಸು ಮಾತ್ರ ಚೆನ್ನಾಗಿ ಬಂತು.
ನೂಲು ತೆಗೆಯುವ ಶಬೀನಾ ಕೈಯೆತ್ತಿದಳು,
ಬಿಸಿನೀರಲ್ಲಿ ನೆನೆದು ಬಿಳಿಚಿಕೊಂಡ ಬೆರಳು:
‘ಎಳೆಯ ತುದಿ ಸಿಕ್ತಲ್ಲ, ಅದು ಸಿನ್ಸ್.
ಆಮೇಲೆ ಸುತ್ತಿದ ಲಡಿ ಎಲ್ಲಾ ಫಾರ್. ಅಷ್ಟೇ ಅಲ್ವಾ?’
ಅಷ್ಟೇ.
ಹದಿನಾರು ವರ್ಷದಿಂದ ಪಾಠ ಮಾಡುತ್ತಿದ್ದೇನೆ ನಾನು
(ಇಲ್ಲಿ ಫಾರ್),
ಹೊಳೆದಿರಲಿಲ್ಲ.

ರಾತ್ರಿಯದೇ ತಕರಾರು.
ಬೆಳಿಗ್ಗೆಗೆ ಇನ್, ಮಧ್ಯಾಹ್ನಕ್ಕೆ ಇನ್, ಸಂಜೆಗೂ ಇನ್,
ರಾತ್ರಿಗೆ ಮಾತ್ರ ಅಟ್.
ಯಾಕೆ?
ನನಗೆ ಗೊತ್ತಿಲ್ಲ. ಪುಸ್ತಕದಲ್ಲೂ ಇಲ್ಲ.
‘ಮಲಗೋವ್ರು ಮಾಡಿದ ಭಾಷೆ’ ಅಂದಳು ಅಕ್ಕಾಯಮ್ಮ.
‘ಕಣ್ಣು ಮುಚ್ಚಿ ತೆಗೆದ್ರೆ ಮುಗೀತು ಅವ್ರಿಗೆ, ಒಂದು ಚುಕ್ಕಿ.
ನಾಲ್ಕನೇ ಜ್ವರ ಎದ್ದ ಮೇಲೆ ನಮ್ಮನೇಗೆ ಬಂದು ನೋಡ್ಲಿ,
ಹನ್ನೊಂದಕ್ಕೊಂದು ಸೊಪ್ಪು, ಮೂರಕ್ಕೊಂದು ಸೊಪ್ಪು,
ರಾತ್ರಿಗೆ ಎಷ್ಟು ಅಂಕಣ ಅಂತ.’
ಆದರೂ ಬರೆಯುವಾಗ ಅಟ್ ಎಂದೇ ಬರೆಯಬೇಕು ಎಂದೆ.
‘ಬರೀತೀನಿ ಬಿಡಿ’ ಅಂದಳು,
ನನ್ನನ್ನು ಸಮಾಧಾನ ಮಾಡುವ ಹಾಗೆ.

ಈ ವಾರ ಅವಳು ಬರಲಿಲ್ಲ.
ಭಾನುವಾರ ಎದ್ದು ಮೊಬೈಲು ನೋಡಿದರೆ
ಎರಡೂ ಹತ್ತಕ್ಕೆ ಬಂದ ಒಂದು ಸಂದೇಶ,
ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ ಒತ್ತಿದ್ದಾಳೆ:
‘ಹುಳ ಹಣ್ಣು ಆನ್ ಸ್ಯಾಟರ್ಡೇ. ಐ ನಾಟ್ ಕಮ್ ಇನ್ ಈವ್ನಿಂಗ್.
ಸ್ಲೀಪ್ ನಾಟ್ ಅಟ್ ನೈಟ್. ಚಂದ್ರಿಕೆ ಫುಲ್.’

‘ದಿ’ ಬಿಟ್ಟುಹೋಗಿದೆ. ಕ್ರಿಯಾಪದಗಳೆಲ್ಲ ಕುಂಟು.
ಆದರೆ ಮೂರಕ್ಕೆ ಮೂರೂ ಸರಿ.
ಕೆಂಪು ಪೆನ್ನು ಹುಡುಕಿದೆ.
ಫೋನಿನ ಗಾಜಿನ ಮೇಲೆ ಸರಿ ಗುರುತು ಹಾಕುವುದು ಹೇಗೆ?

‘ಗೂಡು ಬಿಡಿಸಿಯಾದ ಮೇಲೆ, ಶನಿವಾರ ಬನ್ನಿ’ ಎಂದು ಉತ್ತರಿಸಿದೆ.
ಅಟ್ ಇಲ್ಲ, ಆನ್ ಇಲ್ಲ, ‘ಕ್ಕೆ’ ಕೂಡ ಇಲ್ಲ,
ಚಪ್ಪಲಿ ಹೊರಗೆ ಬಿಟ್ಟು ಬಂದ ಶನಿವಾರ.

ಹತ್ತು ಗಂಟೆಯಾದರೂ ನೋಡಿದ ಗುರುತಿಲ್ಲ.
ಮಲಗಿರಬೇಕು,
ಹಗಲಿನೊಳಗೆ.