ದಕ್ಕೆಯಲ್ಲಿ ಎರಡು ತಿಂಗಳು

ಜೂನ್ ಒಂದರಿಂದ ಬೋಟುಗಳಿಗೆ ರಜೆ.
ಮೀನಿಲ್ಲದ ದಕ್ಕೆಗೆ ಐಸು ಯಾಕೆ?
ಹಸನಬ್ಬ ಮಾವ ಪ್ಲಾಂಟಿನ ಬೀಗದಕೈ ಕೊಟ್ಟು
ಇಷ್ಟೇ ಹೇಳಿದರು: ಅಮೋನಿಯದ ಪೈಪು ಮುಟ್ಟಬೇಡಿ,
ಬಾಂಗಿನ ಹೊತ್ತಿಗೆ ನಿಲ್ಲಿಸಿ,
ಉಳಿದಂತೆ ಏನು ಬೇಕಾದರೂ ಬಡಿದುಕೊಳ್ಳಿ.

ಬಡಿದುಕೊಂಡೆವು.
ಉಪ್ಪು ತಿಂದ ಗೋಡೆ, ತಗಡಿನ ಮಾಡು.
ಮೆಲ್ರಿಕ್ ಕುವೆಲ್ಲೊ ಖಾಲಿ ಮೀನಿನ ಕ್ರೇಟುಗಳ ನಡುವೆ
ಡ್ರಮ್ಮು ಹೂಡಿದ.
ವಾರಿಜಾ ಉಪಾಧ್ಯಾಯ ಮೊದಲ ದಿನ
ಮೂಗಿಗೆ ಶಾಲು ಕಟ್ಟಿಕೊಂಡು ಪಿಟೀಲು ನುಡಿಸಿದಳು,
ಮೂರನೆಯ ದಿನ ಶಾಲು ಮರೆತು ಬಂದಳು.
ತಾರಾನಾಥ ಸೇರಿಗಾರನ ಸ್ಯಾಕ್ಸಿನ ಬಾಯಿಗೆ ಒಂದು ತಗ್ಗು,
ಕಿನ್ನಿಗೋಳಿಯ ಮದುವೆಯಲ್ಲಿ ಜೀಪಿನಿಂದ ಬಿದ್ದದ್ದು.
ತೋಡಿ ಹೊರಡುವುದೇ ಆ ತಗ್ಗಿನಿಂದ ಅನ್ನುತ್ತಾನೆ.
ನಾನು ಸಿನಾನ್. ಬೇಸ್ ಗಿಟಾರ್.
ನಾನಿದ್ದೆ ಎಂದು ಗೊತ್ತಾಗುವುದು
ನಿಲ್ಲಿಸಿದ ಮೇಲೆ.

ಜಗಳ ಶುರುವಾದದ್ದು ಗಾಂಧಾರದಲ್ಲಿ.
ಒಂದು ಮೆಟ್ಟಿನ ಮೇಲೆ ಬೆರಳಿಟ್ಟೆ, ಅಷ್ಟೆ.
"ಅದು ಕೂತುಕೊಳ್ಳುವ ಸ್ವರ ಅಲ್ಲ ಮಾರಾಯ,
ಬಾಗಿಲಲ್ಲಿ ನಿಂತು ಒಳಗೂ ಹೊರಗೂ ನೋಡುವ ಸ್ವರ."
"ಹಾಗಾದರೆ ನಾನು ಎಂತ ಬಾರಿಸುವುದು?"
"ಬಾಗಿಲು," ಅಂದಳು.
ಮೂರು ದಿನ ಮಾತಿಲ್ಲ.
ನಾಲ್ಕನೆಯ ದಿನ ಬರೀ ಷಡ್ಜ, ಪಂಚಮ ಹಿಡಿದು
ಎರಡು ದಾರಂದದ ಹಾಗೆ ನಿಂತೆ.
ಅವಳು ಒಳಗೂ ಹೊರಗೂ ನೋಡಿದಳು.

ಮೆಲ್ರಿಕ್‌ಗೆ ಏಳು ಒಗ್ಗಲಿಲ್ಲ.
ರೋಸಿನ ಚಪ್ಪರಗಳಲ್ಲಿ ಬ್ರಾಸ್‌ಬ್ಯಾಂಡಿನ ಹಿಂದೆ ಓಡಿ
ನಾಲ್ಕರಲ್ಲೇ ಬೆಳೆದ ಕಾಲು;
ಎಂಟನೆಯದಕ್ಕೆ ಪೆಡಲನ್ನು ತಾನಾಗಿ ತುಳಿಯುತ್ತದೆ.
ತಕಿಟ ತಕಧಿಮಿ ಹೇಳಿಕೊಟ್ಟರೆ
ನನ್ನ ನಾಲಗೆಗೆ ಹತ್ತುವುದಿಲ್ಲ ಅಂದ.
ಹಸಿವಿನ ಹೊತ್ತು ಬೇರೆ.
ಪೇಟೆಯಲ್ಲಿ ಒಣಮೀನು, ಇಲ್ಲವೇ
ಲಾರಿಯಲ್ಲಿ ಬಂದ ಯಾವುದೋ ಊರಿನ ಹಳತು.
ತಾರಾನಾಥ ಕಣ್ಣು ಮುಚ್ಚಿ, ಯಾರಿಗೆಂದಿಲ್ಲದೆ,
"ಬಂಗುಡೆ ಪುಳಿಮುಂಚಿ" ಅಂದ.
ಮೆಲ್ರಿಕ್‌ನ ಕೈ ಎದ್ದಿತು.
ಬಂಗುಡೆ, ಪುಳಿಮುಂಚಿ. ಬಂಗುಡೆ, ಪುಳಿಮುಂಚಿ.
ಮೂರು, ನಾಲ್ಕು. ಮೂರು, ನಾಲ್ಕು.
ಸಿಂಬಲ್ಲಿನ ಮೇಲೆ ಹುಳಿ, ಸ್ನೇರಿನ ಮೇಲೆ ಖಾರ.
ಬೆಳ್ಳುಳ್ಳಿ ಕೂಡ ದಾಟದ ಹೊಸಿಲಿನ ವಾರಿಜಾ
ಕಮಾನು ಎಳೆಯುತ್ತ
ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದಳು.

ಜುಲೈ ಮುಗಿಯಿತು. ತೋಡಿಯ ನಟ್ಟನಡುವೆ
ಹೇಳದೆ ಕೇಳದೆ ಮಾವ ಸ್ವಿಚ್ಚು ಹಾಕಿದರು.
ಗೋಡೆ ಗುಂಯ್ ಅಂದಿತು.
ಎರಡು ತಿಂಗಳ ನಿದ್ದೆಯಿಂದ ಎದ್ದ ಕಂಪ್ರೆಸರು
ಒಂದೇ ಸ್ವರ ಹಿಡಿದು ಕೂತಿತು,
ನಮ್ಮ ಜಿಗಿಂತ ಕೂದಲೆಳೆ ಮೇಲೆ.
ಹಾಲು ಒಡೆದ ಹಾಗೆ ರಾಗ ಒಡೆಯಿತು.
ಮೆಲ್ರಿಕ್ ಕೊಂಕಣಿಯಲ್ಲಿ ಬೈದ.
ವಾರಿಜಾ ಬೈಯಲಿಲ್ಲ, ಬಿರಡೆ ತಿರುಚಿದಳು.
ತಾರಾನಾಥ ಮೌತ್‌ಪೀಸನ್ನು ಒಳಕ್ಕೆ ತಳ್ಳಿದ.
ನಾನು ತೆಳು ತಂತಿಯನ್ನು ಬಿಗಿಯುತ್ತ ಹೋದೆ;
ಎರಡು ಸದ್ದುಗಳ ನಡುವಿನ ನಡುಕ
ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು.
ಆಗ ನನಗೆ ನಾನೇ ಕೇಳಿಸಲಿಲ್ಲ.
ಅಂಥ ಸುಖ ಇದುವರೆಗೆ ಮತ್ತೆ ಆಗಿಲ್ಲ.

ಮರುದಿನ ಜಾರ್ಖಂಡಿನ ಹುಡುಗರು ಕೊಕ್ಕೆ ಹಿಡಿದು ಬಂದರು.
ಐಸಿನ ಹಲಗೆಗಳು ಜಾರುವ ದಾರಿಯಲ್ಲಿ
ಡ್ರಮ್ಮು ಹೊತ್ತು ನಾವು ಎದುರಾಗಿ ನಡೆದೆವು.

ಅಕ್ಟೋಬರಿನಲ್ಲಿ ಉಡುಪಿ. ಒಳ್ಳೆಯ ಮೈಕು,
ಒಳ್ಳೆಯ ಬೆಳಕು, ಮುನ್ನೂರು ಕುರ್ಚಿ.
ವಾರಿಜಾಳ ಗುರುಗಳು ಎರಡನೆಯ ಸಾಲಿನಲ್ಲಿ
ತೊಡೆಯ ಮೇಲೆ ಮಿಶ್ರಛಾಪು ಹಾಕುತ್ತ,
ಶಿಷ್ಯೆಯ ತುಟಿ ಅಲುಗುವುದನ್ನು ಕಂಡು
ಯಾವುದೋ ಕೃತಿಯ ಸಾಹಿತ್ಯವಿರಬೇಕೆಂದು
ತಲೆದೂಗಿದರು.

ನನಗೆ ಮಾತ್ರ ಶ್ರುತಿಪೆಟ್ಟಿಗೆಯ ಜಿ ಒಗ್ಗಲಿಲ್ಲ.
ಯಾರಿಗೂ ಹೇಳದೆ
ತಂತಿಯನ್ನು ಕೂದಲೆಳೆ ಬಿಗಿದೆ.
ತಾರಾನಾಥ ತಿರುಗಿ ನೋಡಿದ.
ಬೈಯುತ್ತಾನೆ ಅಂದುಕೊಂಡೆ.
ಮೌತ್‌ಪೀಸಿಗೆ ಕೈ ಹಾಕಿದ.